ಬಟನ್ ಕೆಳಗೇ ಮೆನು ಬೀಳಬೇಕು: ಕ್ಯೂಟಿ, ಟಿಕಿಂಟರ್, ಜಿಟಿಕೆ ಹೋಲಿಕೆ

ಚಿಕ್ಕಮಗಳೂರಿನ ಕಾಫಿ ಮಂಡಿಯೊಂದರ ತೂಕದ ಪರದೆ ಎಂದುಕೊಳ್ಳಿ. ‘ಬಗೆ’ ಬಟನ್ ಒತ್ತಿದರೆ ಅದರ ಕೆಳಗೇ ಎಪಿ, ಎಸಿ, ಆರ್‌ಪಿ, ಆರ್‌ಸಿ (ಅರೇಬಿಕಾ, ರೊಬಸ್ಟಾಗಳ ಪಾರ್ಚ್‌ಮೆಂಟ್ ಮತ್ತು ಚೆರ್ರಿ) ಎಂಬ ಮೆನು ತೆರೆಯಬೇಕು. ಇದೇ ಫಾರಂ ಅನ್ನು ಬಟನ್, ಮೆನು ಕಟ್ಟಲು ಬಳಸುವ ಕ್ಯೂಟಿ, ಟಿಕಿಂಟರ್, ಜಿಟಿಕೆ ಎಂಬ ಮೂರೂ ಲೈಬ್ರರಿಗಳಲ್ಲಿ ಕಟ್ಟಿ ನೋಡಿದಾಗ ಕಂಡದ್ದು ಇಲ್ಲಿದೆ.

ಕ್ಯೂಟಿಯಲ್ಲಿ ಒಂದೇ ಸಾಲಿನ ಕೆಲಸ. ಬಟನ್ನಿನೊಳಗಿನ ಸ್ಥಾನವನ್ನು ಪರದೆಯ ಸ್ಥಾನಕ್ಕೆ ಬದಲಿಸುವ ಮ್ಯಾಪ್‌ಟುಗ್ಲೋಬಲ್‌ಗೆ (0, ಬಟನ್ನಿನ ಎತ್ತರ) ಕೊಟ್ಟರೆ ಕೆಳ ಎಡ ಮೂಲೆಯ ಪರದೆ ಸ್ಥಾನ ಸಿಗುತ್ತದೆ. ಎಡವುವುದು ಬಟನ್ನಿನ ಪೋಸ್ (ಸ್ಥಾನ) ಬೆಲೆಯನ್ನು ಅದಕ್ಕೇ ಕೊಟ್ಟಾಗ. ಪೋಸ್ ಅಳೆಯುವುದು ಪೇರೆಂಟ್‌ನಿಂದ, ಅಂದರೆ ಬಟನ್ನನ್ನು ಹೊತ್ತ ಹೊರಚೌಕಟ್ಟಿನಿಂದ. ಬಟನ್ (120, 40)ರಲ್ಲಿದ್ದರೆ ಆ ದೂರ ಎರಡು ಸಲ ಕೂಡಿ, ಮೆನು 120 ಬಲಕ್ಕೆ, 40 ಕೆಳಕ್ಕೆ ಜಾರುತ್ತದೆ. ಪೋಸ್ ಬಳಸಲೇಬೇಕಿದ್ದರೆ ಪೇರೆಂಟ್‌ನ ಮ್ಯಾಪ್‌ಟುಗ್ಲೋಬಲ್ ಕರೆಯಿರಿ. ಇನ್ನೊಂದು, ಕ್ಯೂಟಿ 6 ಕೊಡುವುದು ಲಾಜಿಕಲ್ ಪಿಕ್ಸೆಲ್, ಅಂದರೆ ಪರದೆಯ ಸ್ಕೇಲ್‌ಗೆ ಗುಣಿಸುವ ಮೊದಲಿನ ಲೆಕ್ಕ. 125% ಸ್ಕೇಲ್ ಇರುವ ಮುಖ್ಯ ಪರದೆಯಲ್ಲಿ ಅದರ 400 ಎಂದರೆ ನಿಜವಾದ 500. ಸ್ಕ್ರೀನ್‌ಶಾಟ್ ತೆಗೆಯುವ ಬೇರೆ ಲೈಬ್ರರಿಗೆ ಆ 400 ಅನ್ನೇ ಕೊಟ್ಟರೆ ಚಿತ್ರ ಕತ್ತರಿಸುವ ಜಾಗ ತಪ್ಪುತ್ತದೆ.

ಟಿಕಿಂಟರ್‌ನಲ್ಲಿ ಲೆಕ್ಕ ಕೈಯಲ್ಲೇ: ವಿನ್‌ಫೋ_ರೂಟ್‌ಎಕ್ಸ್ (ಪರದೆಯ ಮೇಲಿನ ಎಕ್ಸ್) ಹಾಗೇ, ವಿನ್‌ಫೋ_ರೂಟ್‌ವೈಗೆ (ವೈ) ವಿನ್‌ಫೋ_ಹೈಟ್ (ಎತ್ತರ) ಕೂಡಿಸಿ, ಮೆನು ತೆರೆಯುವ ಟಿಕೆ_ಪಾಪ್‌ಅಪ್‌ಗೆ ಕೊಡಿ. ವಿಂಡೋ ಮೂಡುವ ಮೊದಲೇ ಕೇಳಿದರೆ ಎತ್ತರ 1 ಎನ್ನುತ್ತದೆ. ಹಾಗಾಗಿ ಬಟನ್ ಒತ್ತಿದ ಮೇಲೆ ಕೇಳುವುದೇ ಕ್ಷೇಮ, ಇಲ್ಲವೇ ಮೊದಲು ಅಪ್‌ಡೇಟ್ ಕರೆಯಿರಿ.

ಜಿಟಿಕೆ 3 ಹೆಚ್ಚು ಕಾಡಿತು. ಅಲ್ಲಿ ಬಟನ್‌ಗೆ ಕಾಣುವಂಥ ಸ್ವಂತ ಜಿಡಿಕೆ ವಿಂಡೋ (ಜಿಟಿಕೆ ಚಿತ್ರ ಬಿಡಿಸುವ ಕೆಳಪದರದ ಚೌಕ) ಇಲ್ಲ. ಕೇಳಿದರೆ ಪೇರೆಂಟ್‌ನದೇ ಸಿಗುತ್ತದೆ. ಅದರ ಒರಿಜಿನ್‌ಗೆ (ಮೇಲಿನ ಎಡ ಮೂಲೆಗೆ) ಬಟನ್ನಿನ ಅಲೋಕೇಶನ್ (ಅದಕ್ಕೆ ಸಿಕ್ಕ ಜಾಗದ) ಎಕ್ಸ್, ವೈ ಕೂಡಿಸದಿದ್ದರೆ ಮೆನು ವಿಂಡೋದ ಮೂಲೆಗೆ ಹೋಗಿ ಕೂರುತ್ತದೆ. 3.22ರಿಂದ ಮೆನು_ಪಾಪ್‌ಅಪ್_ಅಟ್_ವಿಜೆಟ್ ಇರುವಾಗ ಈ ಕೂಡುವ ಗೋಜೇ ಬೇಡ. ಜಿಟಿಕೆ 4ರಲ್ಲಿ ಪರದೆ ಸ್ಥಾನ ಕೇಳುವ ಆ ದಾರಿಯನ್ನೇ ತೆಗೆದುಹಾಕಿದ್ದಾರೆ. ಪಾಪ್‌ಓವರ್‌ಗೆ (ಅಲ್ಲಿನ ತೇಲುವ ಮೆನು ಪೆಟ್ಟಿಗೆಗೆ) ಪೇರೆಂಟ್ ಹೇಳಿದರೆ ಸಾಕು.

ತೆಗೆದದ್ದಕ್ಕೆ ಕಾರಣ ವೇಲ್ಯಾಂಡ್, ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ. ಅಲ್ಲಿ ವಿಂಡೋ ಪರದೆಯ ಯಾವ ಮೂಲೆಯಲ್ಲಿದೆ ಎಂಬುದು ಪ್ರೋಗ್ರಾಂಗೆ ತಿಳಿಯುವುದೇ ಇಲ್ಲ. ಕ್ಯೂಟಿಯ ಮೆನು ಪೇರೆಂಟ್ ಲೆಕ್ಕದಲ್ಲಿ ಸರಿಯಾಗಿಯೇ ಬೀಳುತ್ತದೆ, ಆದರೆ ಮ್ಯಾಪ್‌ಟುಗ್ಲೋಬಲ್ ಅಂಕಿಯನ್ನು ಫೈಲಿಗೆ ಬರೆದಿಟ್ಟು ನಾಳೆ ವಿಂಡೋ ಅಲ್ಲೇ ತೆರೆಯುತ್ತೇನೆ ಎಂದರೆ ಆಗದು. ಟಿಕಿಂಟರ್ ಹಳೆಯ ಎಕ್ಸ್11 ಪ್ರೋಗ್ರಾಂಗಳನ್ನು ವೇಲ್ಯಾಂಡ್‌ನಲ್ಲಿ ನಡೆಸುವ ಎಕ್ಸ್‌ವೇಲ್ಯಾಂಡ್ ಮೂಲಕ ಓಡುವುದರಿಂದ ಅದಕ್ಕೆ ಅಂಕಿ ಸಿಗುತ್ತದೆ. ಹಳೆಯದಾಗಿರುವುದೂ ಒಮ್ಮೊಮ್ಮೆ ಲಾಭವೇ!

ಬೆಳೆಗಾರರಿಗೆ ತೂಕ ತೋರಿಸಲು ಎಡಕ್ಕೆ ಎರಡನೇ ಮಾನಿಟರ್ ಇಟ್ಟರೆ ವಿಂಡೋಸ್‌ನಲ್ಲಿ ಅದರ ಎಕ್ಸ್ ಮೈನಸ್ ಆಗುತ್ತದೆ. 1920 ಅಗಲದ್ದಾದರೆ −1920ರಿಂದ ಶುರು. ‘ಎಕ್ಸ್ ಸೊನ್ನೆಗಿಂತ ಕಡಿಮೆ ಇದ್ದರೆ ಸೊನ್ನೆ ಮಾಡು’ ಎಂಬ ಸಾಲು ಕೋಡ್‌ನಲ್ಲಿದ್ದರೆ ಮೆನು ಪಕ್ಕದ ಪರದೆಗೆ ಹಾರುತ್ತದೆ. ಆ ಬದಲು ಬಟನ್ ಇರುವ ಪರದೆಯ ಅವೈಲಬಲ್‌ಜಿಯೋಮೆಟ್ರಿಗೆ (ಟಾಸ್ಕ್‌ಬಾರ್ ಬಿಟ್ಟು ಉಳಿದ ಜಾಗಕ್ಕೆ) ಹೋಲಿಸಿ. ತೂಕದ ವಿಂಡೋವನ್ನೇ ಆ ಮಾನಿಟರ್‌ಗೆ ಕಳಿಸಲು ಕ್ಯೂಟಿ 6ರಲ್ಲಿ ಮೂವ್ ನೆಚ್ಚಬೇಡಿ. ಸೆಟ್‌ಸ್ಕ್ರೀನ್ ಹೇಳಿ ಶೋಫುಲ್‌ಸ್ಕ್ರೀನ್ ಕರೆದರೆ ವೇಲ್ಯಾಂಡ್‌ನಲ್ಲೂ ನಡೆಯುತ್ತದೆ.