ಉಂಚಳ್ಳಿ ಜಲಪಾತ: ಹೋಗುವ ತಿಂಗಳೇ ಮುಖ್ಯ

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಹೆಗ್ಗರಣೆ ಬಳಿ ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಧುಮುಕುತ್ತದೆ. ಕಿವಿಗಡಚಿಕ್ಕುವ ಸದ್ದಿಗೆ ಕೆಪ್ಪಜೋಗವೆಂಬ ಹೆಸರೂ ಇದೆ, ಅದು ಸುಳ್ಳಲ್ಲ.

ಜುಲೈ, ಆಗಸ್ಟ್‌ನಲ್ಲಿ ಸದ್ದು ಮಾತ್ರ ಕೇಳಿ ವಾಪಸಾಗುವವರೇ ಹೆಚ್ಚು. ಕಣಿವೆಯ ಮಂಜಿಗೆ ನೀರಿನ ತುಂತುರೂ ಸೇರಿ ಜಲಪಾತ ಪೂರ್ತಿ ಮರೆಯಾಗುತ್ತದೆ. ಏಪ್ರಿಲ್‌ಗೆ ಬಂದರೆ ನೀರು ಸೊರಗಿರುತ್ತದೆ. ನಮ್ಮ ಆಯ್ಕೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್: ನೀರು ತುಂಬಿರುತ್ತದೆ, ಆಕಾಶವೂ ತಿಳಿ.

ಉಂಬಳ (ಜಿಗಣೆ) ಕಚ್ಚಿದರೆ ಎಳೆಯಬೇಡಿ, ಅದರ ಬಾಯಿ ಚರ್ಮದಲ್ಲೇ ಉಳಿದು ಗಾಯ ಕೆರಳಬಹುದು. ಉಗುರನ್ನು ಬಾಯಿಯಡಿ ಜಾರಿಸಿ ಬಿಡಿಸಿ. ಇಳಿಯುವ ಮೆಟ್ಟಿಲು ಪಾಚಿಗಟ್ಟಿರುತ್ತವೆ. ಹವಾಯಿ ಚಪ್ಪಲಿ ಖಂಡಿತ ಬೇಡ. ಊಟ ಶಿರಸಿಯಲ್ಲೋ ಸಿದ್ದಾಪುರದಲ್ಲೋ ಮುಗಿಸಿಕೊಂಡೇ ಹೊರಡಿ. ಬೇಲಿ ದಾಟಿ ಫೋಟೊ ತೆಗೆಯುವವರನ್ನು ದಯವಿಟ್ಟು ತಡೆಯಿರಿ, ಕೆಳಗೆ ನೇರ ಪ್ರಪಾತ.