ತೋಟದ ಕೆರೆಯ ದೋಣಿಗೆ ಎರಡನೇ ಬಿಲ್ಜ್ ಪಂಪ್: ಮೂರ್ನಾಲ್ಕು ಮಳೆಗಾಲ ಬಳಸಿದ ಮೇಲೆ

ದೋಣಿಗೆ ಎರಡನೇ ಬಿಲ್ಜ್ ಪಂಪ್ (ತಳದಲ್ಲಿ ನಿಂತ ನೀರನ್ನು ಎತ್ತಿ ಹೊರಗೆ ಹಾಕುವ ಪಂಪು) ಹಾಕಿಸಿ ಮೂರ್ನಾಲ್ಕು ಮಳೆಗಾಲ ಕಳೆಯಿತು. ಪಂಪು ಚೆನ್ನಾಗಿದೆ, ಕೊಟ್ಟ ಹಣಕ್ಕೆ ಮೋಸ ಇಲ್ಲ. ಆದರೆ ಬರೀ ಪಂಪು ತಂದು ಕೂರಿಸಿದರೆ ಏನೂ ಪ್ರಯೋಜನ ಇಲ್ಲ. ಅದರ ಬ್ಯಾಟರಿ ಬೇರೆ ಇರಬೇಕು, ನೀರು ಏರಿದಾಗ ತೇಲಿ ಪಂಪನ್ನು ತಾನಾಗಿ ಓಡಿಸುವ ಫ್ಲೋಟ್ ಸ್ವಿಚ್ ಬೇರೆ ಇರಬೇಕು, ಪೈಪು ಬೇರೆ, ನೀರು ಹೊರಗೆ ಬೀಳುವ ತೂತೂ ಬೇರೆ. ಇವುಗಳಲ್ಲಿ ಒಂದನ್ನು ಎರಡೂ ಪಂಪು ಹಂಚಿಕೊಂಡರೂ ಸಾಕು, ಅದು ಕೆಟ್ಟ ದಿನ ಎರಡೂ ಒಟ್ಟಿಗೆ ನಿಲ್ಲುತ್ತವೆ.

ನಮ್ಮದು 14 ಅಡಿಯ ಫೈಬರ್ ದೋಣಿ. ಮೇಲೆ ಮುಚ್ಚಿಗೆ ಇಲ್ಲ. ಬ್ಯಾಟರಿಯಲ್ಲಿ ಓಡುವ ಸಣ್ಣ ಟ್ರೋಲಿಂಗ್ ಮೋಟಾರ್ ಇದೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ದೊಡ್ಡ ಕೆರೆಯಲ್ಲಿ ಕಟ್ಟಿರುತ್ತೇವೆ. ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹೊಡೆಯಲೆಂದು ಅಪ್ಪನ ಕಾಲದಲ್ಲಿ ತೆಗೆಸಿದ ಕೆರೆ ಅದು. ಗಾಳ ಹಾಕಲು, ರಜೆಗೆ ಬಂದ ಮಕ್ಕಳನ್ನು ಸುತ್ತಿಸಲು ದೋಣಿ ಬೇಕೇ ಬೇಕು. ಲೈಫ್ ಜಾಕೆಟ್ ಹಾಕದೆ ಯಾರನ್ನೂ ಹತ್ತಿಸುವುದಿಲ್ಲ, ಅದು ಬೇರೆ ವಿಷಯ.

ಕೆರೆಯಲ್ಲಿ ನಿಂತಿರುವ ದೋಣಿಗೆ ಎರಡು ಪಂಪು ಯಾಕೆ ಅಂತ ತುಂಬ ಜನ ಕೇಳಿದ್ದಾರೆ. ಉತ್ತರ ನಮ್ಮ ಮಳೆಯಲ್ಲಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ದೋಣಿಯ ಬಾಯಿ ಸುಮಾರು 6 ಚದರ ಮೀಟರ್. ಕೊಡಗಿನಲ್ಲಿ ನಾವು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುತ್ತೇವೆ ಅಲ್ವಾ, ಅದರಲ್ಲೇ ಹೇಳುವುದಾದರೆ ಒಂದು ಇಂಚು ಮಳೆಗೆ ದೋಣಿಯೊಳಗೆ 150 ಲೀಟರ್ ನೀರು. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನಲ್ಲಿ, ಒಂದೇ ದಿನ ಐದು ಇಂಚು ಹೊಡೆಯುವುದು ನಮಗೆ ಹೊಸದಲ್ಲ. ಅಂದರೆ 750 ಲೀಟರ್, 750 ಕಿಲೋ. ಹತ್ತು ಜನ ಗಂಡಸರು ಒಟ್ಟಿಗೆ ಹತ್ತಿ ಕೂತ ಹಾಗೆ. 14 ಅಡಿಯ ದೋಣಿ ಅದನ್ನು ತಡೆಯುವುದಿಲ್ಲ. ಭಾಗಮಂಡಲ, ಶಾಂತಳ್ಳಿ ಕಡೆಯವರಿಗೆ ಈ ಲೆಕ್ಕ ಇನ್ನೂ ಜಾಸ್ತಿ ಬರುತ್ತದೆ, ಕುಶಾಲನಗರದ ಕಡೆ ಕಡಿಮೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಿ. ಗಂಟೆಗೆ ಎರಡು ಇಂಚು ಸುರಿದರೂ ಒಳಗೆ ಬರುವುದು 300 ಲೀಟರ್. ಅಷ್ಟನ್ನು ಎತ್ತಲು ಸಣ್ಣ ಪಂಪು ಒಂದೇ ಸಾಕು. ಹಾಗಾಗಿ ಮಳೆಯ ಮಟ್ಟಿಗೆ ಎರಡನೇ ಪಂಪು ಬೇಕಾಗುವುದು ನೀರು ಜಾಸ್ತಿ ಅಂತಲ್ಲ. ಮೊದಲನೆಯದು ಓಡದೆ ನಿಂತ ರಾತ್ರಿಗೆ ಅದು ಬೇಕು.

ದೋಣಿ ತೂತಾದಾಗಿನ ಲೆಕ್ಕವೇ ಬೇರೆ. ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ಒಂದು ಇಂಚಿನ ತೂತು ಬಿದ್ದರೆ ನಿಮಿಷಕ್ಕೆ 70 ಲೀಟರ್‌ವರೆಗೂ ಒಳಗೆ ಬರಬಹುದು. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗೆ ತಾಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಎರಡೂ ಪಂಪು ಸೇರಿದರೂ ದೋಣಿಯನ್ನು ಒಣಗಿಸುವುದಿಲ್ಲ, ದಡ ಸೇರಲು ಸ್ವಲ್ಪ ಹೊತ್ತು ಕೊಡುತ್ತವೆ ಅಷ್ಟೇ. ಆ ಹೊತ್ತಿಗೂ ಬೆಲೆ ಇದೆ. ಅದಕ್ಕೇ ಎರಡನೆಯದನ್ನು ಮೊದಲನೆಯದಕ್ಕಿಂತ ದೊಡ್ಡದು ತಂದೆ. ಮೊದಲನೆಯದು ಗಂಟೆಗೆ 500 ಗ್ಯಾಲನ್ನಿನದು, ಎರಡನೆಯದು 1100. ಲೀಟರಿನಲ್ಲಿ ಸುಮಾರು 1900 ಮತ್ತು 4160.

ಈ ಅಂಕಿಗಳನ್ನು ನಂಬಿ ಕೂರಬೇಡಿ. ಡಬ್ಬದ ಮೇಲೆ ಬರೆಯುವುದು ಪೈಪೇ ಇಲ್ಲದೆ, ನೀರನ್ನು ಮೇಲಕ್ಕೆ ಎತ್ತದೆ, ಚಾರ್ಜ್ ಆಗುತ್ತಿರುವ ಬ್ಯಾಟರಿಯ 13.6 ವೋಲ್ಟಿನಲ್ಲಿ ಬರುವ ನೀರು. ನಮ್ಮ ದೋಣಿಯಲ್ಲಿ ತಳದಿಂದ ನೀರು ಹೊರಗೆ ಬೀಳುವ ತೂತಿನವರೆಗೆ ಮುಕ್ಕಾಲು ಮೀಟರ್ ಎತ್ತಬೇಕು, ಪೈಪಿಗೆ ಒಂದೆರಡು ತಿರುವು ಇದೆ, ಬ್ಯಾಟರಿಯಲ್ಲಿ 12 ಚಿಲ್ಲರೆ ವೋಲ್ಟ್ ಇರುತ್ತದೆ. ಡಬ್ಬದ ಲೆಕ್ಕದಲ್ಲಿ ದೊಡ್ಡ ಪಂಪಿನಿಂದ 20 ಲೀಟರಿನ ಪೇಂಟ್ ಬಕೆಟ್ 17 ಸೆಕೆಂಡಿಗೆ ತುಂಬಬೇಕಿತ್ತು. ಅರ್ಧ ನಿಮಿಷದ ಹತ್ತಿರ ಹಿಡಿಯಿತು. ಅಂದರೆ ಗಂಟೆಗೆ 2400 ಲೀಟರ್ ಸಿಕ್ಕರೆ ಪುಣ್ಯ. ಇದು ಕಂಪನಿಯ ಮೋಸವಲ್ಲ, ಈ ಜಾತಿಯ ಪಂಪುಗಳೆಲ್ಲ ಹೀಗೆಯೇ. ನೀವೂ ಬಕೆಟ್ ಹಿಡಿದು ಅಳೆದು ನೋಡಿ. ನಿಮ್ಮ ದೋಣಿಯ ನಿಜವಾದ ಅಂಕಿ ಅದೇ.

ನೀರು ಕಡಿಮೆಯಾಗಲು ದೊಡ್ಡ ಕಾರಣ ಪೈಪು. ಪಂಪಿನ ಜೊತೆ ಕೆಲವರು ಕೊಡುವ ಸುಕ್ಕುಸುಕ್ಕು ಪೈಪು ಬಗ್ಗಿಸಲು ಸುಲಭ, ಆದರೆ ಒಳಗಿನ ಸುಕ್ಕೇ ನೀರನ್ನು ತಡೆಯುತ್ತದೆ. ಒಳಗೆ ನುಣ್ಣಗಿರುವ, ನೂಲು ಹೆಣೆದ ಪೈಪೇ ಒಳ್ಳೆಯದು. ಅಳತೆಯದ್ದು ಇನ್ನೊಂದು ತಲೆನೋವು. 1100ರ ಪಂಪಿನ ಮೂತಿ ಒಂದು ಇಂಚು ಒಂದು ನೂಲು, ಅಂದರೆ 1⅛ ಇಂಚು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಇಂಚಿನ ಪೈಪ್ ಇದೆ, ಒಂದೂಕಾಲು ಇಂಚಿನದು ಇದೆ. ಮೊದಲನೆಯದು ಹತ್ತುವುದಿಲ್ಲ, ಎರಡನೆಯದು ಕ್ಲಿಪ್ ಎಷ್ಟು ಬಿಗಿದರೂ ಸೋರುತ್ತದೆ. ಪೈಪನ್ನು ಪಂಪಿನ ಜೊತೆಗೇ ತರಿಸಿಬಿಡಿ. ಮಂಗಳೂರಿಗೆ ಹೋಗುವವರಿದ್ದರೆ ಬಂದರಿನ ಕಡೆ ಬೋಟ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ, ಸ್ಟೀಲ್ ಕ್ಲಿಪ್ಪುಗಳನ್ನೂ ಅಲ್ಲೇ ತನ್ನಿ.

ಪೈಪು ಪಂಪಿನಿಂದ ತೂತಿನವರೆಗೆ ಏರುತ್ತಲೇ ಹೋಗಬೇಕು. ನಡುವೆ ಒಂದು ಕಡೆ ಜೋತು ಬಿದ್ದರೂ ಅಲ್ಲಿ ನೀರು ನಿಂತು, ಗಾಳಿ ಸಿಕ್ಕಿಕೊಂಡು, ಪಂಪು ಸುಮ್ನೆ ಗುಂಯ್ ಅನ್ನುತ್ತದೆ. ನೀರು ಬರುವುದಿಲ್ಲ. ಹೊರಗಿನ ತೂತನ್ನು ದೋಣಿ ತುಂಬ ಜನ ಕೂತಾಗ ನೀರು ಎಲ್ಲಿಗೆ ಬರುತ್ತದೆ ಅಂತ ನೋಡಿ, ಅದಕ್ಕಿಂತ ಸಾಕಷ್ಟು ಮೇಲೆ ಕೊರೆಯಬೇಕು. ಆ ತೂತು ನೀರಿನೊಳಗೆ ಹೋದರೆ ಕೆರೆಯ ನೀರು ಅದೇ ಪೈಪಿನಲ್ಲಿ ದೋಣಿಯೊಳಗೆ ಇಳಿಯುತ್ತದೆ. ಆಗ ಪಂಪು ಹಾಕದೇ ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ. ಕೊರೆದ ಅಂಚಿಗೆ ಸೀಲೆಂಟ್ ಚೆನ್ನಾಗಿ ಬಳಿಯಿರಿ, ಫೈಬರ್ ಪದರದೊಳಗೆ ನೀರು ಇಳಿಯಬಾರದು. ಎರಡೂ ಪಂಪಿನ ಪೈಪನ್ನು T ಆಕಾರದ ಜೋಡಣೆ ಹಾಕಿ ಒಂದೇ ತೂತಿಗೆ ಸೇರಿಸಿದರೆ ಕೆಲಸ ಕಡಿಮೆ ಅಂತ ಹೇಳುವವರಿದ್ದಾರೆ. ಕೇಳಬೇಡಿ. ಒಂದು ಪಂಪು ಎತ್ತಿದ ನೀರು ಇನ್ನೊಂದರ ಮೂಲಕ ವಾಪಸ್ ತಳಕ್ಕೇ ಬರುತ್ತದೆ.

ವಾಪಸ್ ಬರುವ ನೀರನ್ನು ತಡೆಯಲು ನಾನ್ ರಿಟರ್ನ್ ವಾಲ್ವ್ ಹಾಕಿ ಅನ್ನುವ ಸಲಹೆಯೂ ಬಂತು. ಬೇಡ ಅಂದೆ. ಅದರ ಬಾಗಿಲಿಗೆ ಕಸ ಸಿಕ್ಕಿದರೆ ತೆರೆಯುವುದಿಲ್ಲ, ತೆರೆದರೂ ನೀರಿನ ರಭಸ ಇಳಿಯುತ್ತದೆ. ನಮ್ಮ ಒಂದೂವರೆ ಮೀಟರ್ ಪೈಪಿನಲ್ಲಿ ಉಳಿಯುವುದು ಹೆಚ್ಚೆಂದರೆ ಒಂದು ಲೀಟರ್. ಅಷ್ಟು ವಾಪಸ್ ಬಂದರೆ ಬರಲಿ.

ಮೊದಲ ಪಂಪು ದೋಣಿಯ ಹಿಂಬದಿಯ ಅತಿ ತಗ್ಗಿನಲ್ಲಿದೆ. ಎರಡನೆಯದನ್ನು ಅದರ ಪಕ್ಕದಲ್ಲಿ, ಮೂರು ಇಂಚು ಮೇಲೆ, ಒಂದು ಮೆಟ್ಟಿಲು ಮಾಡಿ ಕೂರಿಸಿದೆವು. ಫ್ಲೋಟ್ ಕೂಡ ಅದೇ ಎತ್ತರದಲ್ಲಿ. ಸಾಧಾರಣ ದಿನಗಳಲ್ಲಿ ಅದು ಒಣಗಿಯೇ ಇರುತ್ತದೆ. ತಳದ ಕೆಸರು, ಎಲೆ ಅದನ್ನು ಮುಟ್ಟುವುದಿಲ್ಲ. ಇಷ್ಟು ಕಾಲ ಅದು ಹೊಸದರ ಹಾಗೆ ಉಳಿದಿರುವುದಕ್ಕೆ ಆ ಮೂರು ಇಂಚೇ ಕಾರಣ ಅಂತ ನನಗೆ ಗಟ್ಟಿ ನಂಬಿಕೆ.

ವೈರಿಂಗಿಗೆ ಬಂದ ಹುಡುಗ ಬೋರ್‌ವೆಲ್ ಮೋಟಾರ್ ಕೆಲಸದಲ್ಲಿ ಪಳಗಿದವನು. "ಅಣ್ಣಾ, ಟೇಪ್ ಸುತ್ತಿದ್ರೆ ಸಾಕಲ್ವಾ?" ಅಂದ. "ಬೇಡಪ್ಪ, ಇದು ಮಳೆಗಾಲ ಪೂರ್ತಿ ತೇವದಲ್ಲೇ ಕೂರುತ್ತೆ, ಅಂಟು ಇರೋ ಟ್ಯೂಬೇ ಹಾಕು" ಅಂದೆ. ಬಿಸಿ ಮಾಡಿದರೆ ಕುಗ್ಗಿ, ಒಳಗಿನ ಅಂಟು ಕರಗಿ ವೈರಿಗೆ ಕಚ್ಚಿಕೊಳ್ಳುವ ಟ್ಯೂಬ್ ಅದು. ಕೆಲಸ ಮುಗಿದ ಮೇಲೆ ಅವನೇ ಕೈಯಲ್ಲಿ ಎಳೆದು ನೋಡಿ ಮೆಚ್ಚಿದ. ವೈರು ತವರ ಲೇಪದ ತಾಮ್ರದ್ದು. ನಮ್ಮ ಕಡೆಯ ತೇವಕ್ಕೆ ಬರೀ ತಾಮ್ರ ಒಳಗೊಳಗೇ ಹಸಿರಾಗುತ್ತದೆ. ಜೋಡಣೆಗಳೆಲ್ಲ ನೀರು ಮುಟ್ಟದ ಎತ್ತರದಲ್ಲಿವೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇದೆ, ಪಂಪಿನ ಚೀಟಿಯಲ್ಲಿ ಎಷ್ಟು ಆಂಪಿಯರ್ ಅಂತ ಹೇಳಿದೆಯೋ ಅಷ್ಟರದ್ದೇ. ಫ್ಲೋಟಿನ ವೈರು ಮೇನ್ ಸ್ವಿಚ್ಚಿನ ಮೂಲಕ ಹೋಗುವುದಿಲ್ಲ, ನೇರ ಬ್ಯಾಟರಿಗೆ. ದೋಣಿ ಕಟ್ಟಿ ಎಲ್ಲವನ್ನೂ ಆಫ್ ಮಾಡಿ ಮನೆಗೆ ಬಂದ ಮೇಲೂ ಪಂಪು ಎಚ್ಚರವಾಗಿರಬೇಕಲ್ಲ.

ಎರಡನೇ ಬ್ಯಾಟರಿಗೆ ದುಡ್ಡು ದಂಡ ಅನ್ನಿಸಿದವರಿಗೆ ಹಿಂದೊಂದು ಮಳೆಗಾಲದಲ್ಲಿ ಆದದ್ದನ್ನು ಹೇಳಬೇಕು. ಮಳೆ ಒಂದು ವಾರ ಬಿಡುವು ಕೊಟ್ಟಿತ್ತು. ನೆಂಟರ ಮಕ್ಕಳು ಸಂಜೆವರೆಗೆ ದೋಣಿಯಲ್ಲಿ ಸುತ್ತಿದ್ದರು, ಮೋಟಾರಿನ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಮೊದಲ ಪಂಪು ಓಡುವುದು ಅದರಲ್ಲೇ. ರಾತ್ರಿ ಸಣ್ಣ ಮಳೆ ಬಂತು. ಪಂಪು ನೀರು ಎತ್ತಿತು. ಆದರೆ ಫ್ಲೋಟ್ ಕೆಳಗಿಳಿಯಲಿಲ್ಲ. ಸಿಲ್ವರ್ ಓಕ್ ಎಲೆಯ ದಂಟೊಂದು ಅದರ ಅಡಿಗೆ ಅಡ್ಡ ಸಿಕ್ಕಿತ್ತು. ಎರಡು ಆಂಪಿಯರ್ ಎಳೆಯುವ ಪಂಪು ಮಾರನೇ ಮಧ್ಯಾಹ್ನದವರೆಗೆ ಒಣ ತಳದಲ್ಲಿ ಓಡಿ ಬ್ಯಾಟರಿಯನ್ನು ಪೂರ್ತಿ ಕುಡಿದುಹಾಕಿತು. ಆ ರಾತ್ರಿಯೇ ದೊಡ್ಡ ಮಳೆ ಹಿಡಿದದ್ದು. ಬೆಳಿಗ್ಗೆ ಹೋಗಿ ನೋಡಿದರೆ ದೋಣಿಯ ತಳದಲ್ಲಿ ಎರಡನೇ ಫ್ಲೋಟಿನ ಮಟ್ಟಕ್ಕೆ ಸರಿಯಾಗಿ ನೀರು ನಿಂತಿತ್ತು, ಅದಕ್ಕಿಂತ ಮೇಲೆ ಒಂದು ಬೆರಳೂ ಇಲ್ಲ. ಎರಡೂ ಪಂಪು ಒಂದೇ ಬ್ಯಾಟರಿಯಲ್ಲಿದ್ದಿದ್ದರೆ ದೋಣಿ ಕೆರೆಯ ತಳ ಸೇರುತ್ತಿತ್ತು.

ಎರಡನೇ ಬ್ಯಾಟರಿ ದೊಡ್ಡದೇನೂ ಬೇಡ. ಆನೆ ಬರದ ಹಾಗೆ ಹಾಕಿದ ಸೋಲಾರ್ ಬೇಲಿಗೆ ಬಳಸುವ 12 ವೋಲ್ಟಿನ ಬ್ಯಾಟರಿಯನ್ನೇ ಇಟ್ಟಿದ್ದೇನೆ. 750 ಲೀಟರ್ ಎತ್ತಲು ದೊಡ್ಡ ಪಂಪಿಗೆ ಇಪ್ಪತ್ತು ನಿಮಿಷ ಸಾಕು, ಖರ್ಚಾಗುವುದು ಒಂದು ಆಂಪಿಯರ್ ಅವರ್ ಚಿಲ್ಲರೆ. ಮೇಲೆ ಸಣ್ಣ ಸೋಲಾರ್ ಪ್ಯಾನೆಲ್ ಹಾಕಿದ್ದೇನೆ, ಆದರೆ ಜುಲೈ ತಿಂಗಳಲ್ಲಿ ಅದನ್ನು ನಂಬುವ ಹಾಗಿಲ್ಲ. ಆಗಾಗ ಬ್ಯಾಟರಿಯನ್ನು ಮನೆಗೆ ತಂದು ಚಾರ್ಜ್ ಮಾಡುತ್ತೇವೆ.

ಅಲಾರಂ ವಿಷಯದಲ್ಲಿ ಒಂದು ಮಾತು. ಎರಡನೇ ಫ್ಲೋಟ್ ಎದ್ದಿತು ಅಂದರೆ ಮೊದಲನೆಯದಕ್ಕೆ ಏನೋ ಆಗಿದೆ ಅಂತ ಅರ್ಥ. ಅದು ಯಾರಿಗಾದರೂ ಗೊತ್ತಾಗಬೇಕು. ಬೈಕಿನ ಹಾರ್ನ್ ಒಂದನ್ನು ಜೋಡಿಸಿದೆವು. ಬೇಸಿಗೆಯಲ್ಲಿ ಪರೀಕ್ಷೆ ಮಾಡಿದಾಗ ಕೆಲಸದವರ ಲೈನ್‌ಮನೆಯವರೆಗೆ ಕೇಳಿಸಿತು. ಮಳೆಗಾಲದಲ್ಲಿ ಶೀಟಿನ ಮೇಲೆ ಹನಿ ಬಡಿಯುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ, ಹಾರ್ನ್ ಎಲ್ಲಿ ಕೇಳಬೇಕು? ಈಗ ಕಂಬದ ಮೇಲೆ ಕೆಂಪು ದೀಪವನ್ನೂ ಹಾಕಿದ್ದೇವೆ. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮ ರೈಟರ್ ರಾತ್ರಿ ಮಲಗುವ ಮೊದಲು ಕಿಟಕಿಯಿಂದ ಒಮ್ಮೆ ನೋಡುತ್ತಾರೆ. ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ದೀಪವೇ.

ನಿರ್ವಹಣೆಯ ಕೆಲಸ ಹೆಚ್ಚೇನಿಲ್ಲ, ಆದರೆ ತಪ್ಪಿಸುವ ಹಾಗಿಲ್ಲ. ಪಂಪಿನ ಬದಿಯ ಎರಡು ಕಿವಿ ಒತ್ತಿದರೆ ಕೆಳಗಿನ ಜಾಲರಿ ಬಿಟ್ಟುಕೊಳ್ಳುತ್ತದೆ. ಮೊದಲ ಪಂಪನ್ನು ಹೀಗೆ ಬಿಚ್ಚಿದಾಗಲೆಲ್ಲ ಒಳಗೆ ಸಿಲ್ವರ್ ಎಲೆಯ ಸೀಳುಗಳು ಸಿಗುತ್ತವೆ. ಒಂದೊಂದೂ ಜಾಲರಿಯ ಸಂದಿಗೆ ಅಳತೆ ಮಾಡಿ ಕತ್ತರಿಸಿದಷ್ಟು ಸಣ್ಣ. ಅವು ಒಳಗೆ ನುಗ್ಗಿ ನೀರನ್ನು ತಳ್ಳುವ ಚಕ್ರದ (ಇಂಪೆಲರ್) ಬುಡಕ್ಕೆ ಪಾಚಿಯ ಜೊತೆ ಸುತ್ತಿಕೊಂಡು ಕಪ್ಪು ಉಂಗುರದ ಹಾಗೆ ಗಟ್ಟಿಯಾಗಿರುತ್ತವೆ. ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆಯಬೇಕು. ಬಲೆ, ಸ್ಪಂಜು ಸುತ್ತಿದರೆ ಎಲೆ ನಿಲ್ಲುತ್ತದೆ, ಅದರ ಜೊತೆ ನೀರೂ ನಿಲ್ಲುತ್ತದೆ. ಬೇಡ. ಇನ್ನು ಫ್ಲೋಟನ್ನು ಕೈಯಲ್ಲಿ ಎತ್ತಿ ಪಂಪು ಓಡಿತು ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಬಕೆಟ್‌ನಲ್ಲಿ ನೀರು ಸುರಿಯಿರಿ. ಅದು ತಾನಾಗಿ ಏಳಬೇಕು, ನೀರು ಖಾಲಿಯಾದ ಮೇಲೆ ತಾನಾಗಿ ಇಳಿಯಬೇಕು. ತೊಂದರೆ ಕೊಡುವುದು ಹೆಚ್ಚಾಗಿ ಇಳಿಯುವಾಗಲೇ.

ದೂರುಗಳೂ ಇವೆ. ಪಂಪಿನ ಜೊತೆಗಿನ ವೈರು ತೀರಾ ಗಿಡ್ಡ, ಜೋಡಣೆ ಅನಿವಾರ್ಯವಾಗಿ ತಳದ ಹತ್ತಿರವೇ ಬರುತ್ತದೆ. ಅದನ್ನು ಎತ್ತರಕ್ಕೆ ತರಲು ನಾವು ಕಷ್ಟಪಟ್ಟೆವು. ಫ್ಲೋಟ್ ಸ್ವಿಚ್ಚಿನ ಗುಣಮಟ್ಟ ಪಂಪಿನ ಮಟ್ಟಕ್ಕಿಲ್ಲ. ಹಿಂಜ್ ಸಡಿಲ ಇತ್ತು, ಒಂದು ಬದಲಿಸಬೇಕಾಯಿತು. ಖರ್ಚಿನ ಅಂದಾಜು ಬೇಕೆಂದರೆ, ಪಂಪಿಗೆ ಕೊಟ್ಟಷ್ಟೇ ಹಣ ಪೈಪು, ವೈರು, ಸ್ವಿಚ್ಚು, ಫಿಟ್ಟಿಂಗ್‌ಗಳಿಗೂ ಹೋಯಿತು. ಬ್ಯಾಟರಿ ಅದರ ಮೇಲೆ. ಬರೀ ಪಂಪಿನ ಬೆಲೆ ನೋಡಿ ಬಜೆಟ್ ಹಾಕಬೇಡಿ.

ಎಲ್ಲರಿಗೂ ಇದು ಬೇಕಾ ಅಂದರೆ, ಇಲ್ಲ. ಮಳೆಗಾಲ ಪೂರ್ತಿ ದೋಣಿ ಮುಟ್ಟದವರು ಅದನ್ನು ದಡಕ್ಕೆ ಎಳೆದು, ಮೂತಿ ಎತ್ತರಿಸಿ, ಹಿಂದಿನ ಡ್ರೈನ್ ಪ್ಲಗ್ ತೆಗೆದಿಟ್ಟರೆ ಸಾಕು. ಬಿದ್ದ ನೀರು ತಾನಾಗಿ ಹೋಗುತ್ತದೆ. ಟಾರ್ಪಾಲ್ ಮಾತ್ರ ಹೊದಿಸಿ ನೀರಲ್ಲೇ ಬಿಡುವುದನ್ನು ನಾನು ಒಪ್ಪುವುದಿಲ್ಲ. ಅದನ್ನು ಎತ್ತಿ ಹಿಡಿಯುವ ಗೂಟ ಸರಿಯಿಲ್ಲದಿದ್ದರೆ ನಡುವೆ ನೀರು ತುಂಬಿ ಜಗ್ಗಿ ಹರಿದುಹೋಗುತ್ತದೆ. ನಮ್ಮ ಹಾಗೆ ಮಳೆ ನಡುವೆಯೂ ಗಾಳ ಹಾಕುವವರು, ತುಲಾ ಮಾಸದ (ಅಕ್ಟೋಬರ್-ನವೆಂಬರ್) ಗುಡುಗು ಮಳೆಯ ಹೊತ್ತಿಗೂ ದೋಣಿಯನ್ನು ನೀರಲ್ಲಿ ಬಿಡುವವರು ಎರಡನೇ ಪಂಪು ಹಾಕಿಸಲೇಬೇಕು. ಜೊತೆಗೆ ಒಂದು ಕೈಪಂಪು, ಹಗ್ಗ ಕಟ್ಟಿದ ಒಂದು ಬಕೆಟ್ ಯಾವಾಗಲೂ ದೋಣಿಯಲ್ಲಿರಲಿ, ಅವಕ್ಕೆ ಬ್ಯಾಟರಿ ಬೇಕಿಲ್ಲ.

ಮುಂದಿನ ಮಳೆಗೆ ಮೊದಲು ಮೊದಲ ಪಂಪಿನ ಫ್ಲೋಟನ್ನು ತೆಗೆದು, ಸುತ್ತಲೂ ಗೂಡಿರುವ, ಎಲೆ ಅಡಿಗೆ ನುಗ್ಗದಂಥದ್ದನ್ನು ಹಾಕಿಸುತ್ತೇನೆ. ಎರಡನೆಯದರಲ್ಲಿ ಬದಲಿಸುವಂಥದ್ದು ಏನೂ ಇಲ್ಲ.