ಇಟಲಿಯ ಒಂದು ಪ್ರೇಮಗೀತೆ, ಮೂವರ ದನಿಯಲ್ಲಿ

'ಇಯೋ ಕೆ ನೋನ್ ವಿವೋ' ಅಂದರೆ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. 'ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ' ಅಂದರೆ ಥಟ್ಟನೆ ಗೊತ್ತಾಗುತ್ತದೆ. ಎರಡೂ ಒಂದೇ ಹಾಡು, ಮೊದಲನೆಯದು ಇಟಾಲಿಯನ್ ಮೂಲ, ಎರಡನೆಯದು ಅದರ ಇಂಗ್ಲಿಷ್ ರೂಪ. ನನಗೆ ಮೊದಲು ಸಿಕ್ಕಿದ್ದು ಎಲ್ವಿಸ್ ಪ್ರೆಸ್ಲಿ ಹಾಡಿದ್ದು, ಆಮೇಲೆ ಬ್ರಿಟಿಷ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್, ಕೊನೆಗೆ ಮೂಲ. ಹೆಡ್‌ಫೋನ್ ಹಾಕಿಕೊಂಡು ಮೂರನ್ನೂ ಬೆನ್ನುಬೆನ್ನಿಗೆ ಕೇಳಿದಾಗಲೇ ಇವು ಎಷ್ಟು ಬೇರೆ ಅಂತ ಅರ್ಥವಾಗಿದ್ದು.

ಮೂಲ ಹಾಡಿನ ರಾಗ ಕಟ್ಟಿದವರೂ ಹಾಡಿದವರೂ ಪೀನೊ ಡೊನಾಜ್ಜೊ. ವೆನಿಸ್ ಬಳಿಯ ಬುರಾನೊ ದ್ವೀಪದವರು, ಪಿಟೀಲು ಕಲಿತವರು, ಮುಂದೆ ಸಿನಿಮಾ ಸಂಗೀತದಲ್ಲೂ ದೊಡ್ಡ ಹೆಸರು ಮಾಡಿದವರು. ಸಾಹಿತ್ಯ ವೀಟೊ ಪಲ್ಲವಿಚೀನಿ ಅವರದು. 1965ರ ಸಾನ್‌ರೆಮೊ ಅನ್ನುವ ಇಟಲಿಯ ಹಾಡಿನ ಸ್ಪರ್ಧೆಗೆ ಬಂದ ಹಾಡು ಇದು. ಹಾಡಿನಲ್ಲಿ ಇಬ್ಬರೇ ಕೂತಿದ್ದಾರೆ, ಎಂದಿನ ಸಂಜೆಯೇ, ಆದರೆ ಅವಳು ಇವತ್ತು ಜಾಸ್ತಿ ಸಪ್ಪಗಿದ್ದಾಳೆ. ಬಿಟ್ಟು ಹೋಗುವ ಮಾತು ಅವಳ ಬಾಯಿಗೆ ಬರುವುದರೊಳಗೆ ಇವನು ತನ್ನದನ್ನು ಹೇಳಿಬಿಡಬೇಕು. ಡೊನಾಜ್ಜೊ ಚರಣವನ್ನು ಹಾಡಿದ ಹಾಗೇ ಇಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗಿದೆ. ಪಲ್ಲವಿಗೆ ಬರುತ್ತಲೇ ಗಂಟಲು ಪೂರ್ತಿ ತೆರೆಯುತ್ತದೆ: ನೀನಿಲ್ಲದೆ ಒಂದು ಗಂಟೆ ಇರಲಾರದವನು ಇಡೀ ಬದುಕು ಹೇಗೆ ಕಳೆಯಲಿ? ಅಂಜಿಕೆಯೂ ಹಟವೂ ಒಟ್ಟಿಗೇ ಕೇಳಿಸುತ್ತವೆ.

ಎಲ್ವಿಸ್ ಇದರ ಇಂಗ್ಲಿಷ್ ರೂಪವನ್ನು 1970ರ ಜೂನ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡಿದರು. ದನಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಳೆದುಕೊಂಡವನ ದನಿ ಅಲ್ಲ ಅದು. ಕರೆದರೆ ಅವಳು ಬಂದೇ ಬರುತ್ತಾಳೆ ಅನ್ನುವ ಧೈರ್ಯ ಅದರಲ್ಲಿದೆ. 1972ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಾಡಿದ್ದೂ ಸಿಗುತ್ತದೆ. ಅದರಲ್ಲಿ ಜೋಶ್ ಇದೆ, ನೋವು ಕೈಗೆ ಸಿಗುವುದಿಲ್ಲ. ಎಲ್ವಿಸ್ ಬೇಕೆಂದರೆ ಸ್ಟುಡಿಯೋದ್ದನ್ನೇ ಕೇಳಿ. ಗೈಸ್ ಆ್ಯಂಡ್ ಡಾಲ್ಸ್ ತಂಡ 1976ರಲ್ಲಿ ಹಾಡಿದ್ದೂ ಇದೆ. ಚೆಂದವಾಗಿದೆ, ಅಷ್ಟೇ. ಒಂಟಿತನದ ಹಾಡನ್ನು ಗುಂಪಾಗಿ ಹಾಡಿದರೆ ನನಗಂತೂ ಹಿಡಿಸುವುದಿಲ್ಲ.

ಇನ್ನು ಡಸ್ಟಿ. 1965ರ ಸಾನ್‌ರೆಮೊದಲ್ಲಿ ಅವರೂ ಸ್ಪರ್ಧಿಯಾಗಿದ್ದರು. ಅಲ್ಲಿಯೇ ಡೊನಾಜ್ಜೊ ಹಾಡು ಅವರ ಮನಸ್ಸಿಗೆ ನಾಟಿತು. ಇಂಗ್ಲಿಷ್ ಸಾಹಿತ್ಯ ಬರೆದವರು ವಿಕಿ ವಿಕಮ್ ಮತ್ತು ಸೈಮನ್ ನೇಪಿಯರ್-ಬೆಲ್. ಇಬ್ಬರೂ ಹಾಡು ಬರೆಯುವ ಕಸುಬಿನವರಲ್ಲ, ಮೂಲದ ಅರ್ಥದ ಗೊಡವೆಗೂ ಹೋಗಲಿಲ್ಲ. ಹಾಗಾಗಿ ಕಥೆಯೇ ಬದಲಾಯಿತು. ಇಲ್ಲಿ ಅವನು ಆಗಲೇ ಹೋಗಿಬಿಟ್ಟಿದ್ದಾನೆ. ಪ್ರೀತಿಸುತ್ತೇನೆ ಅಂತ ಹೇಳಬೇಕಿಲ್ಲ, ಕೊನೇವರೆಗೂ ಇರಬೇಕಿಲ್ಲ, ಸುಮ್ನೆ ಹತ್ತಿರ ಇದ್ದರೆ ಸಾಕು ಅನ್ನುತ್ತಾಳೆ ಇವಳು. 1966ರಲ್ಲಿ ಬ್ರಿಟನ್‌ನಲ್ಲಿ ಇದು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೇರಿತು, ಅಮೆರಿಕದಲ್ಲಿ ನಾಲ್ಕನೆಯದಕ್ಕೆ.

ರೆಕಾರ್ಡಿಂಗ್ ದಿನ ತಮ್ಮ ದನಿಯ ಮಾರ್ದನಿ ಡಸ್ಟಿಗೆ ಸರಿಬರಲಿಲ್ಲ. ಕೊನೆಗೆ ಲಂಡನ್‌ನ ಆ ಸ್ಟುಡಿಯೋದ ಮೆಟ್ಟಿಲ ಹತ್ತಿರ ಮೈಕ್ ಇಟ್ಟು, ಅಲ್ಲೇ ನಿಂತು ಹಾಡಿದರು. ಇದು ಗೊತ್ತಾದ ಮೇಲೆ ಕೇಳಿ ನೋಡಿ, ಪಲ್ಲವಿಯಲ್ಲಿ ದನಿ ಮೇಲೆ ಹೋದಾಗೆಲ್ಲ ಸುತ್ತಲಿನ ಗೋಡೆಗಳೂ ಕೇಳಿಸುತ್ತವೆ.

ನನ್ನ ಓಟು ಡಸ್ಟಿಗೆ. ಡೊನಾಜ್ಜೊ ಬಾಯಲ್ಲಿ ಮಾತೂ ದನಿಯೂ ಒಂದನ್ನೇ ಕೇಳುತ್ತವೆ: ಹೋಗಬೇಡ. ಡಸ್ಟಿಯ ಮಾತು 'ಇಷ್ಟಾದರೆ ಸಾಕು' ಅಂದರೆ ದನಿ 'ಸಾಲದು, ಸಾಲದು' ಅನ್ನುತ್ತದೆ. ಆ ಎಳೆದಾಟವನ್ನು ಬೇರೆ ಯಾರೂ ಹಾಡಿಲ್ಲ. ಆದರೆ ಡಸ್ಟಿಯದು ಶುರುವಿನಿಂದಲೇ ವಾದ್ಯಗಳ ಅಬ್ಬರ. ಅದಕ್ಕೇ ಡೊನಾಜ್ಜೊನ ಮೊದಲ ಚರಣವನ್ನು ಮೊದಲು ಕೇಳಿಕೊಳ್ಳಿ. ಈ ರಾಗದ ಮೆಲುದನಿ ಇರುವುದು ಅದರಲ್ಲೇ.